ಹೋಮ್‌ಸ್ಟೇಗೆ ಇಪಿಎಬಿಎಕ್ಸ್: ಮೊದಲು ಅರ್ಥಿಂಗ್, ಆಮೇಲೆ ಮೆಷಿನ್ನು

ಅಣ್ಣಾ, ಕೊಪ್ಪದ ಹತ್ತಿರ 12 ರೂಮಿನ ಹೋಮ್‌ಸ್ಟೇ, ಎರಡು ಬಿಎಸ್ಸೆನ್ನೆಲ್ ಲೈನು, ಸಿಡಿಲಿಗೆ ಎರಡು ಸಲ ಎಕ್ಸ್‌ಟೆನ್ಷನ್ ಕಾರ್ಡ್ (ರೂಮಿನ ಫೋನ್ ವೈರುಗಳು ಸೇರುವ ಕಾರ್ಡ್) ಸುಟ್ಟಿದೆ, ಈಗ ಆನ್‌ಲೈನಲ್ಲಿ ಅಗ್ಗದ ಹೊಸ ಇಪಿಎಬಿಎಕ್ಸ್ (ರೂಮಿನ ಫೋನುಗಳನ್ನು ಒಂದಕ್ಕೊಂದು, ಹೊರಗಿನ ಲೈನಿಗೂ ಸೇರಿಸುವ ಮೆಷಿನ್ನು) ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಅರ್ಥಿಂಗ್ ಸರಿ ಮಾಡದೆ ಯಾವ ಕಂಪನಿಯದ್ದು ಹಾಕಿದರೂ ಮುಂದಿನ ಏಪ್ರಿಲ್-ಮೇ ಗುಡುಗಿಗೆ ಅದೂ ಹೋಗುತ್ತದೆ.

ಬಿಎಸ್ಸೆನ್ನೆಲ್ ಲೈನಿಗೆ ಜಿಡಿಟಿ (ಸಿಡಿಲಿನ ಹೆಚ್ಚಿನ ವೋಲ್ಟೇಜನ್ನು ಅರ್ಥಿಗೆ ಹರಿಸುವ ಸಣ್ಣ ಟ್ಯೂಬ್) ಹಾಕಿಸಿದ್ದೇನೆ ಅಂದಿದ್ದೀರಿ. ಸರಿ, ಆದರೆ ಸುಟ್ಟಿದ್ದು ಬಿಎಸ್ಸೆನ್ನೆಲ್ ಲೈನಿನ ಕಾರ್ಡ್ ಅಲ್ಲ, ಎಕ್ಸ್‌ಟೆನ್ಷನ್ ಕಾರ್ಡ್, ಅಲ್ವಾ? ಅಂದರೆ ಸಿಡಿಲು ಬಂದಿದ್ದು ನಿಮ್ಮದೇ ಕಾಟೇಜ್‌ಗಳಿಗೆ ಮರದಿಂದ ಮರಕ್ಕೆ ಎಳೆದಿರುವ ವೈರಿನಿಂದ. ಅದಕ್ಕೂ ಜಿಡಿಟಿ ಬೇಕು, ಆಫೀಸಿನ ಕಡೆಯೂ ಬೇಕು, ಕಾಟೇಜ್ ಕಡೆಯೂ ಬೇಕು. ಸಾಧ್ಯವಾದರೆ ಪೈಪಿನಲ್ಲಿ ಜೆಲ್ಲಿ ಕೇಬಲ್ (ನೀರು ಇಳಿಯದಂತೆ ಒಳಗೆ ಜೆಲ್ಲಿ ತುಂಬಿದ ಫೋನ್ ಕೇಬಲ್) ಹಾಕಿ ನೆಲದಡಿ ಒಯ್ಯಿರಿ. ನೆಲದಡಿ ಹಾಕಿದರೂ ಜಿಡಿಟಿ ಬಿಡಬೇಡಿ.

ಜಿಡಿಟಿ ಕೆಲಸ ಮಾಡುವುದು ಅದರ ಅರ್ಥ್ ವೈರು ಸರಿ ಇದ್ದರೆ ಮಾತ್ರ. ಒಂದು ಎಸ್ಟೇಟ್ ಬಂಗಲೆಯಲ್ಲಿ ನಾನೇ ಕಂಡಿದ್ದೇನೆ, ಎಂಡಿಎಫ್ ಬಾಕ್ಸ್ (ಫೋನ್ ವೈರುಗಳೆಲ್ಲ ಬಂದು ಸೇರುವ ಬಾಕ್ಸ್) ಚೆನ್ನಾಗಿತ್ತು, ಜಿಡಿಟಿ ಎಲ್ಲ ಇತ್ತು, ಅರ್ಥಿನ ಹಸಿರು ವೈರು ಮಾತ್ರ ಬಾಕ್ಸಿನ ಹಿಂದೆ ಸುತ್ತಿ ಹಾಗೇ ಬಿಟ್ಟಿದ್ದರು. ಅಲ್ಲಿ ಲೆಕ್ಕ ಬರೆಯುವ ರೈಟರ್ ಫೋನ್ ಹಿಡಿದಿದ್ದಾಗಲೇ ಸಿಡಿಲು ಬಡಿದು ಕೈಗೆ ಶಾಕ್ ಹೊಡೆದಿತ್ತು. ಗುಡುಗುವಾಗ ವೈರ್ ಇರುವ ಫೋನ್ ಮುಟ್ಟಬಾರದು ಅಂತ ಗೆಸ್ಟ್‌ಗಳಿಗೂ ಹೇಳಿಡಿ.

ಇನ್ನೊಂದು ತಪ್ಪು ಜಾಸ್ತಿ ಜನ ಮಾಡುತ್ತಾರೆ. ಫೋನಿಗೆ ಒಂದು ಅರ್ಥ್ ಗುಂಡಿ, ಕರೆಂಟಿಗೆ ಇನ್ನೊಂದು, ಎರಡಕ್ಕೂ ಸಂಬಂಧವೇ ಇಲ್ಲ. ಸಿಡಿಲು ಬಿದ್ದಾಗ ಒಂದು ಗುಂಡಿಯ ವೋಲ್ಟೇಜ್ ಏರುತ್ತದೆ, ಇನ್ನೊಂದು ಹಾಗೇ ಇರುತ್ತದೆ, ಆ ವ್ಯತ್ಯಾಸ ಪೂರ್ತಿ ಮಧ್ಯದಲ್ಲಿರುವ ಇಪಿಎಬಿಎಕ್ಸ್ ಮೇಲೆ ಬೀಳುತ್ತದೆ. ಎರಡನ್ನೂ ದಪ್ಪ ತಾಮ್ರದಲ್ಲಿ ಒಟ್ಟಿಗೆ ಕಟ್ಟಿಸಿ. ಅರ್ಥಿಂಗ್‌ಗೆ ಐಎಸ್ 3043 ಅಂತ ನಿಯಮಾವಳಿ ಇದೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುತ್ತದೆ. ನಮ್ಮ ಕಲ್ಲು ನೆಲದಲ್ಲಿ ಒಂದು ಗುಂಡಿ ಸಾಲುವುದಿಲ್ಲ, ಎರಡು ಮೂರು ಸೇರಿಸಬೇಕಾಗಬಹುದು. ಅರ್ಥ್ ಮೆಗ್ಗರ್ (ಅರ್ಥ್ ಎಷ್ಟು ಸರಿ ಇದೆ ಅಂತ ಅಳೆಯುವ ಉಪಕರಣ) ಹಾಕಿ ಅಳೆಸಿ, ಅದೂ ಮಾರ್ಚ್‌ನಲ್ಲಿ ನೆಲ ಒಣಗಿದ್ದಾಗ. ಮಳೆಗಾಲದಲ್ಲಿ ಅಳೆದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

230 ವೋಲ್ಟ್ ವೈರು ಮತ್ತು ಫೋನ್ ವೈರು ಒಂದೇ ಪೈಪಿನಲ್ಲಿ ಬೇಡ. ಫೋನ್ ವೈರಲ್ಲಿ ಏನಿರುತ್ತದೆ ಅಂತ ಸುಮ್ನೆ ಬರಿಗೈಲಿ ಮುಟ್ಟಬೇಡಿ, ಮಾಮೂಲಿಗೆ 48 ವೋಲ್ಟ್ ಡಿಸಿ ಇದ್ದರೂ ರಿಂಗ್ ಬಂದಾಗ 75 ವೋಲ್ಟ್ ಎಸಿ ಸೇರುತ್ತದೆ, ಒದ್ದೆ ಕೈಗೆ ಚೆನ್ನಾಗಿ ಹೊಡೆಯುತ್ತದೆ. ಇಪಿಎಬಿಎಕ್ಸ್‌ನ ಬ್ಯಾಕಪ್ ಬ್ಯಾಟರಿಗಳನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬೇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ.

ಇನ್ನು ಮೆಷಿನ್ನು. ಪಬ್ಲಿಕ್ ಲೈನಿಗೆ ಸೇರಿಸುವ ಇಪಿಎಬಿಎಕ್ಸ್‌ಗೆ ಟಿಇಸಿ (ಕೇಂದ್ರ ದೂರಸಂಪರ್ಕ ಇಲಾಖೆಯ ಎಂಜಿನಿಯರಿಂಗ್ ಸಂಸ್ಥೆ) ಸರ್ಟಿಫಿಕೇಟ್ ಇರಲೇಬೇಕು. ಅಡಾಪ್ಟರ್ ಮೇಲೆ ಬಿಐಎಸ್ ಗುರುತು, ಆರ್ ಅಂತ ಶುರುವಾಗುವ ನಂಬರ್ ನೋಡಿ. ಇವು ಕಾಣದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಜಿಎಸ್‌ಟಿ ಬಿಲ್ ಕೇಳಿ ಇಟ್ಟುಕೊಳ್ಳಿ.

ಯಾರೋ ತಿಂಗಳಿಗೆ ಬಾಡಿಗೆ ಕೊಡುತ್ತೇನೆ, ತುಂಬಾ ಸಿಮ್ ಹಾಕುವ ಒಂದು ಬಾಕ್ಸ್ ನಿಮ್ಮ ಇಂಟರ್ನೆಟ್‌ಗೆ ಹಾಕಿಡಿ ಅಂದರು ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಭಯವಾಯಿತು. ಖಂಡಿತ ಒಪ್ಪಬೇಡಿ. ಅದು ಸಿಮ್ ಬಾಕ್ಸ್. ವಿದೇಶದ ಕರೆಗಳನ್ನು ಲೋಕಲ್ ಕರೆಯಂತೆ ತಿರುಗಿಸಲು ಬಳಸುತ್ತಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಇಂಥ ಸೇವೆ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಎರಡು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಬಾಕ್ಸ್ ಸಿಕ್ಕುವುದು ನಿಮ್ಮ ಮನೆಯಲ್ಲಿ, ಪೊಲೀಸರು ಮೊದಲು ಹಿಡಿಯುವುದೂ ನಿಮ್ಮನ್ನೇ.

ಪ್ರೋಗ್ರಾಮ್ ಮಾಡುವವರಿಗೆ ಒಂದು ಮಾತು ಹೇಳಿ: ಹೊರಗಿನ ಲೈನಿಗಾಗಿ ಮುಂದೆ 0 ಒತ್ತದೆಯೂ ಯಾವ ರೂಮಿನಿಂದಲಾದರೂ ತುರ್ತು ನಂಬರ್ 112 ಹೋಗಬೇಕು. ರಾತ್ರಿ ಗೆಸ್ಟ್‌ಗೆ ಎದೆನೋವು ಬಂದರೆ 0 ಒತ್ತಬೇಕು ಅಂತ ಅವರಿಗೆ ಹೊಳೆಯುವುದಿಲ್ಲ, ನಿಮ್ಮ ಕಡೆ ಮೊಬೈಲ್ ಸಿಗ್ನಲ್ ಬೇರೆ ಕಷ್ಟ.

ನಿಮ್ಮ ಎಂಡಿಎಫ್ ಬಾಕ್ಸಿನ ಮುಚ್ಚಳ ತೆರೆದು ಒಳಗಿನ ಅರ್ಥ್ ಬಾರ್ ಫೋಟೋ ಹಾಕಿ, ಹಸಿರು ವೈರು ಎಲ್ಲಿಗೆ ಹೋಗಿದೆ ಅಂತಲೂ ತೋರಿಸಿ, ನೋಡಿ ಹೇಳುತ್ತೇನೆ.