ಬೀಟಲ್ ಎಂಜಿನ್: ಪಿಸ್ಟನ್ ಸೆಟ್ ಕೊಳ್ಳುವ ಮೊದಲು

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಒಂದು ಸಿಲಿಂಡರಿನಲ್ಲಿ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಇಳಿದಿದೆ, ಹೊಸ ಪಿಸ್ಟನ್ ಸೆಟ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಿಮ್ಮ 1969ರ ಬೀಟಲ್‌ನ ಮೂರನೇ ಸಿಲಿಂಡರಿನಲ್ಲಿ ಮಾತ್ರ ಕಂಪ್ರೆಷನ್ ಇಳಿದಿರುವುದಕ್ಕೆ ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವ ಕವಾಟ) ಸುಟ್ಟಿರುವುದೇ ಬಹುಮಟ್ಟಿಗೆ ಕಾರಣ. ಆ ಕಾಲದ ಎಂಜಿನ್‌ನಲ್ಲಿ ಆಯಿಲ್ ಕೂಲರ್ ಫ್ಯಾನಿನ ಗಾಳಿಗೆ ಅಡ್ಡವಾಗಿ ನಿಂತಿರುವುದರಿಂದ ಆ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಕಾಯುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ವಾಲ್ವ್ ಗ್ಯಾಪನ್ನು (ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) 0.15 ಮಿ.ಮೀ.ಗೆ ಹೊಂದಿಸಿ ಕಂಪ್ರೆಷನ್ ಮತ್ತೆ ಅಳೆಯಿರಿ. ಏರದಿದ್ದರೆ, ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ತುದಿಗೆ ತಂದು, ಗೇರಿಗೆ ಹಾಕಿ, ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಿ: ಸೈಲೆನ್ಸರ್ ಕೊಳವೆಯಲ್ಲಿ ಸುಯ್ಯೆಂದರೆ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸೋರುತ್ತಿದೆ ಎಂದರ್ಥ. ವಾಲ್ವ್ ಆದರೆ ಹೆಡ್ (ವಾಲ್ವ್‌ಗಳಿರುವ ಸಿಲಿಂಡರ್ ತುದಿಯ ಭಾಗ) ಕೆಲಸವಷ್ಟೇ ಸಾಕು. ಆದರೆ ಹಣ ಕೊಡುವ ಮೊದಲು ಕ್ರ್ಯಾಂಕ್ ಪುಲ್ಲಿಯನ್ನು ಹಿಂದೆ ಮುಂದೆ ಎಳೆದು, ಅದು ಎಷ್ಟು ಸರಿಯುತ್ತದೆಂದು ಡಯಲ್ ಗೇಜಿನಲ್ಲಿ (ಸೂಕ್ಷ್ಮ ಅಲುಗಾಟ ಅಳೆಯುವ ಮಾಪಕ) ನೋಡಲೇಬೇಕು; 0.15 ಮಿ.ಮೀ. ಮೀರಿದ್ದರೆ ತೆಳು ಲೋಹದ ಬಳೆಯಾದ ಶಿಮ್‌ನಲ್ಲೇ ಸರಿಹೋಗಬಹುದು, ಬೇರಿಂಗ್ ಸವೆದಿರಲೂಬಹುದು, ಬಿಚ್ಚದೆ ಹೇಳಲಾಗದು. ಆ ಸ್ಥಿತಿಯಲ್ಲಿ ಹೊಸ ಪಿಸ್ಟನ್ ಸೆಟ್ಟಿಗೆ ದುಡ್ಡು ಹಾಕದೆ ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ಕೂರುವ ಎಂಜಿನ್ ಕವಚ) ಕೆಲಸಕ್ಕೆಂದು ಉಳಿಸಿಕೊಳ್ಳಿ.