ದುಡ್ಡು ಕೊಟ್ಟು ಕೊಂಡ ತಂತ್ರಾಂಶವೇ ನಮ್ಮನ್ನು ಹೊರಗೆ ನಿಲ್ಲಿಸಬಹುದೇ?

ನಿಲ್ಲಿಸಬಹುದು. ನನ್ನನ್ನು ನಿಲ್ಲಿಸಿದೆ. ಹೊಸ ಮುದ್ರಣಾಲಯಕ್ಕೆ ಪರವಾನಗಿ ಪಡೆದ ತಂತ್ರಾಂಶ ಕೊಂಡರೆ ಅದರ ನಕಲು ತಡೆಯುವ ಬೀಗದಿಂದ ನಮಗೇ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ನೀವು ಕೊಳ್ಳುವ ಮೊದಲು ಕೇಳುತ್ತಿದ್ದೀರಿ, ನಾನು ಕೊಂಡ ಮೇಲೆ ಕಲಿತವನು.

ನಾನು ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಕೆಲಸ, ಶುರು ಮಾಡಿದಾಗ ಕನ್ನಡ ಟೈಪಿಂಗ್ ತಂತ್ರಾಂಶದ ಜೊತೆಗೆ ಒಂದು ಡಾಂಗಲ್ ಕೊಡುತ್ತಿದ್ದರು. ಪ್ರಿಂಟರ್ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಡಬ್ಬಿ. ಅದಿಲ್ಲದೆ ಒಂದಕ್ಷರ ಕನ್ನಡ ಟೈಪು ಮಾಡಲಾಗದು. ಮದುವೆಗಳ ಸುಗ್ಗಿಯ ನಡುವೆ ಒಂದು ಬೆಳಿಗ್ಗೆ ಅದು ಸತ್ತಿತು. ಹಳೆಯದನ್ನು ಕೊರಿಯರ್ ಮಾಡಿ, ಪರೀಕ್ಷಿಸಿ ಹೊಸದು ಕಳಿಸುತ್ತೇವೆ ಎಂದರು ಕಂಪನಿಯವರು. ಒಂಬತ್ತು ದಿನ ಹಿಡಿಯಿತು. ಲಗ್ನಪತ್ರಿಕೆಗಳು ಪರದೆಯ ಮೇಲೆ ಕಾಣುತ್ತಿದ್ದವು, ವರನ ಹೆಸರಿನಲ್ಲಿ ಬಿಟ್ಟುಹೋದ ಒಂದು ಒತ್ತಕ್ಷರ ಸೇರಿಸಲು ಮಾತ್ರ ಆಗುತ್ತಿರಲಿಲ್ಲ. ಬೇರೆ ತಂತ್ರಾಂಶದಲ್ಲಿ ಟೈಪು ಮಾಡಿ ತಂದು ಅಂಟಿಸೋಣವೆಂದರೆ ಅಕ್ಷರಗಳ ಸಂಕೇತವೇ ಬೇರೆ, ಎಲ್ಲ ಕಲಸುಮೇಲೋಗರ. ಎದುರಂಗಡಿಯವನು ಬೀಗ ಮುರಿದ ಪ್ರತಿ ಇಟ್ಟುಕೊಂಡು ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದ. ನನ್ನ ಗಿರಾಕಿಗಳನ್ನು ನಾನೇ ಅವನ ಬಳಿಗೆ ಕಳಿಸಿದೆ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗಿನ ಬೀಗ ಕಣ್ಣಿಗೂ ಕಾಣದು, ಕಂಪನಿಯ ಸರ್ವರ್‌ನಲ್ಲಿ, ಅಂದರೆ ನೆಟ್ ಮೂಲಕ ತಲುಪುವ ಅವರ ಕಂಪ್ಯೂಟರ್‌ನಲ್ಲಿ, ಇರುತ್ತದೆ. 2007ರ ಆಗಸ್ಟ್ 24ರಂದು, ವಿಂಡೋಸ್ ಪ್ರತಿ ಅಸಲಿಯೋ ಅಲ್ಲವೋ ಎಂದು ನೋಡುವ ಮೈಕ್ರೋಸಾಫ್ಟ್ ಸರ್ವರ್‌ಗಳಿಗೆ ಇನ್ನೂ ಸಿದ್ಧವಾಗದ ಕೋಡ್ ಕೈತಪ್ಪಿ ಸೇರಿಬಿಟ್ಟಿತು. ಮರುದಿನದವರೆಗೂ ಅವು ಅಸಲಿ ಪ್ರತಿಗಳನ್ನೇ ನಕಲಿ ಎಂದವು. ಆಗಿನ ಹೊಸ ವಿಂಡೋಸ್ ಆದ ವಿಸ್ತಾ ಬಳಸುವವರಿಗೆ ಏರೋ (ಪರದೆಯ ಅಂದದ ನೋಟ), ರೆಡಿಬೂಸ್ಟ್‌ನಂಥ (ಪೆನ್‌ಡ್ರೈವ್ ಬಳಸಿ ವೇಗ ಹೆಚ್ಚಿಸುವುದು) ಸೌಲಭ್ಯಗಳು ನಿಂತುಹೋದವು. ತೊಂದರೆಗೆ ಸಿಕ್ಕಿದ್ದು 12,000ಕ್ಕಿಂತ ಕಡಿಮೆ ಕಂಪ್ಯೂಟರ್‌ಗಳು ಎಂದಿತು ಕಂಪನಿ. ತಮಾಷೆಯೆಂದರೆ, ಸರ್ವರ್ ಪೂರ್ತಿ ಮಲಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಅಸಲಿ ಎಂದೇ ಭಾವಿಸುವಂತೆ ಅದನ್ನು ರೂಪಿಸಿದ್ದರು. ಅದು ಎಚ್ಚರವಿದ್ದೇ ಸುಳ್ಳು ಹೇಳಿತು.

ಸರ್ವರನ್ನೇ ಮುಚ್ಚಿಬಿಟ್ಟರೆ? 2012ರ ಡಿಸೆಂಬರ್‌ನಲ್ಲಿ ಅಡೋಬಿ ಕಂಪನಿ, ಫೋಟೋಶಾಪ್ ಮುಂತಾದವು ಸೇರಿದ್ದ ತನ್ನ ಸಿಎಸ್2 ತಂತ್ರಾಂಶಗಳ ಸರ್ವರ್ ನಿಲ್ಲಿಸಿದಾಗ, ಕೊಂಡವರಿಗೆ ಬೀಗವಿಲ್ಲದ ಪ್ರತಿಯನ್ನು ಇಳಿಸಿಕೊಳ್ಳಲು ಕೊಟ್ಟಿತು. ಎಲ್ಲರೂ ಹಾಗೆ ಮಾಡುತ್ತಾರೆಂದು ನಂಬಿ ಕೂರಬೇಡಿ.

ಹಾಗೆಂದು ಕದ್ದ ಪ್ರತಿ ಹಾಕಿಕೊಳ್ಳಿ ಎನ್ನುತ್ತಿಲ್ಲ; ಅದರ ಜೊತೆ ಬರುವ ವೈರಸ್ಸಿಗೆ ರಸೀದಿಯೂ ಇರುವುದಿಲ್ಲ. ಮಾರುವವನ ಬಳಿ ಎರಡು ಮಾತು ಬರಹದಲ್ಲಿ ಕೇಳಿ ಪಡೆಯಿರಿ: ನೆಟ್ ಇಲ್ಲದೆ ಎಷ್ಟು ದಿನ ನಡೆಯುತ್ತದೆ, ಬೀಗ ಕೆಟ್ಟರೆ ಎಷ್ಟು ದಿನದಲ್ಲಿ ಬದಲಿ ಸಿಗುತ್ತದೆ. ಮುಗಿದ ಕೆಲಸದ ಪಿಡಿಎಫ್ ಅಂದಂದೇ ತೆಗೆದಿಡಿ, ಪಠ್ಯದ ಒಂದು ಪ್ರತಿ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ತಂತ್ರಾಂಶಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇರಲಿ. ನನ್ನ ಹಳೆಯ ಫೈಲುಗಳು ಇನ್ನೂ ಆ ಡಾಂಗಲ್ಲಿಗೇ ಕಟ್ಟುಬಿದ್ದಿವೆ. ಅದನ್ನು ಸಿಕ್ಕಿಸುವ ಪೋರ್ಟ್ ಹೊಸ ಯಂತ್ರಗಳಲ್ಲಿ ಇಲ್ಲ. ಹಾಗಾಗಿ ಒಂದು ಮುದಿ ಕಂಪ್ಯೂಟರನ್ನು ಮೂಲೆಯಲ್ಲಿ ಬಟ್ಟೆ ಹೊದಿಸಿ ಸಾಕುತ್ತಿದ್ದೇನೆ.