ಖಿನ್ನತೆಯ ಮಾತ್ರೆ ಬಿಟ್ಟು ಅಯಾಹುವಾಸ್ಕಾ ಕುಡಿಯಬಹುದೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನದೇ ಹಳೆಯ ಕಥೆ ಕಣ್ಣಮುಂದೆ ಬಂತು: ಅದೇ ಫ್ಲುಯೊಕ್ಸೆಟಿನ್ ಮಾತ್ರೆ, ಅದರ ಮೇಲೆ ಅದೇ ಬೇಸರ, ಪೆರುವಿಗೆ ಹೋಗಿ, ಕಾಡಿನ ಬಳ್ಳಿ ಮತ್ತು ಎಲೆ ಕುದಿಸಿ ಮಾಡುವ ಭ್ರಮೆ ತರಿಸುವ ಕಷಾಯವಾದ ಅಯಾಹುವಾಸ್ಕಾ ಕುಡಿದರೆ ಖಿನ್ನತೆ ವಾಸಿಯಾದೀತೆಂಬ ಅದೇ ಆಸೆ. ನಾನು ಹೋದೆ. ಪುಕಾಲ್ಪಾ ಪಟ್ಟಣದಿಂದ ಉಕಯಾಲಿ ನದಿಯಲ್ಲಿ ದೋಣಿ ಹಿಡಿದು, ಅಲ್ಲಿನ ಮೂಲನಿವಾಸಿಗಳಾದ ಶಿಪಿಬೊ ಜನರ ಊರಿನ ಬಳಿಯ ಶಿಬಿರವೊಂದನ್ನು ಸೇರಿದೆ.

ಹೊರಡುವ ಮುನ್ನ ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸಿದ್ದೆ. ಶಿಬಿರದವರು ಕೇಳಿದಾಗ ಯಾವ ಔಷಧವೂ ಇಲ್ಲವೆಂದು ಬರೆದುಕೊಟ್ಟೆ. ನುಂಗುವುದನ್ನು ಬಿಟ್ಟರೆ ಔಷಧ ಮೈಬಿಟ್ಟು ಹೋಯಿತೆಂದು ನಂಬಿದ್ದೇ ತಪ್ಪಾಯಿತು. ಇದನ್ನು ಬಿಡಿಸಿಯೇ ಹೇಳಬೇಕು. ಆ ಕಷಾಯದ ಚಕ್ರುನಾ ಎಲೆಯಲ್ಲಿ ಭ್ರಮೆ ತರಿಸುವ ಡಿಎಂಟಿ ಎಂಬ ರಾಸಾಯನಿಕ ಇದೆ, ಆದರೆ ಬರೀ ಎಲೆಯ ರಸ ಕುಡಿದರೆ ಕರುಳು ಮತ್ತು ಯಕೃತ್ತಿನ ಎಂಎಒ ಕಿಣ್ವ ಅದನ್ನು ಒಡೆದುಹಾಕುತ್ತದೆ. ಕಷಾಯಕ್ಕೆ ಸೇರಿಸುವ ಬಳ್ಳಿಯಲ್ಲಿರುವ ಹಾರ್ಮಿನ್ ಆ ಕಿಣ್ವವನ್ನು ತಡೆಯುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೊನಿನ್ ಅನ್ನು ಒಡೆಯುವುದೂ ಅದೇ ಕಿಣ್ವ. ಇತ್ತ ಫ್ಲುಯೊಕ್ಸೆಟಿನ್ ನರಕೋಶಗಳು ಸೆರೊಟೊನಿನ್ ಹೀರಿಕೊಳ್ಳದಂತೆ ಮಾಡುತ್ತದೆ, ಮತ್ತು ಅದರಿಂದ ಹುಟ್ಟುವ ನಾರ್‌ಫ್ಲುಯೊಕ್ಸೆಟಿನ್ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಎರಡೂ ಸೇರಿದರೆ ಸೆರೊಟೊನಿನ್ ಅಪಾಯದ ಮಟ್ಟಕ್ಕೆ ಏರಬಹುದು. ಈ ಮಾತ್ರೆ ನಿಲ್ಲಿಸಿ ಕನಿಷ್ಠ 5 ವಾರ ಕಳೆಯುವವರೆಗೆ ಎಂಎಒ ತಡೆಯುವ ಔಷಧವನ್ನು ವೈದ್ಯರು ಕೊಡದಿರುವುದು ಇದಕ್ಕಾಗಿಯೇ.

ಶಿಬಿರದ ಹಿರಿಯ ನಾಟಿ ವೈದ್ಯೆಯೊಬ್ಬರು ಬಟ್ಟಲಿನ ಮೇಲೆ ಮಪಾಚೊ ತಂಬಾಕಿನ ಹೊಗೆಯೂದಿ ನನ್ನ ಕೈಗಿತ್ತರು. ಇಕಾರೊ ಎಂಬ ಚಿಕಿತ್ಸೆಯ ಹಾಡುಗಳು ಶುರುವಾದ ಸ್ವಲ್ಪ ಹೊತ್ತಿಗೆ ದವಡೆ ಬಿಗಿಯಿತು, ಕಾಲುಗಳು ತಾವಾಗಿಯೇ ಅದುರತೊಡಗಿದವು, ಎದೆ ಹೊಡೆದುಕೊಂಡಿತು, ಬೆವರು ನಿಲ್ಲಲಿಲ್ಲ. ರಾತ್ರಿಯೇ ದೋಣಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು, ಊರಿಗೆ ಬಂದ ಮೇಲೆ ಖಿನ್ನತೆ ಮೊದಲಿಗಿಂತ ಜೋರಾಗಿ ಮರುಕಳಿಸಿತು.

ವಿಜ್ಞಾನವನ್ನು ನಂಬಲೋ ಸಂಪ್ರದಾಯವನ್ನು ನಂಬಲೋ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬ್ರೆಜಿಲಿನ ನಟಾಲ್‌ನಲ್ಲಿ 29 ರೋಗಿಗಳ ಮೇಲೆ ನಡೆದ, 2019ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಒಂದೇ ಸಲದ ಸೇವನೆಯಿಂದ ಖಿನ್ನತೆ ತಗ್ಗಿದ್ದು ನಿಜ, ಆದರೆ ಹಳೆಯ ಔಷಧ ಬಿಡಿಸಿದ ಮೇಲೆಯೇ ಅವರಿಗೆ ಅದನ್ನು ಕೊಟ್ಟದ್ದು. ಶಿಪಿಬೊ ವೈದ್ಯರೂ ಉಪ್ಪು, ಸಕ್ಕರೆ, ಹಂದಿಮಾಂಸ ಬಿಟ್ಟು ಕಠಿಣ ಪಥ್ಯದಲ್ಲಿದ್ದು ಕಲಿಯುತ್ತಾರೆ. ಹಿಂದೆ ಬಹುಮಟ್ಟಿಗೆ ವೈದ್ಯರೇ ಕುಡಿದು ರೋಗವನ್ನು ಕಾಣುತ್ತಿದ್ದರು, ರೋಗಿ ಕುಡಿಯಲೇಬೇಕೆಂದಿರಲಿಲ್ಲ. ಆಸ್ಪತ್ರೆಯ ವೈದ್ಯರಿಗಾಗಲಿ ಶಿಪಿಬೊ ವೈದ್ಯರಿಗಾಗಲಿ, ನಿಮ್ಮ ಮೈಯಲ್ಲಿ ಏನಿದೆ ಎಂಬುದು ಮೊದಲು ಗೊತ್ತಾಗಬೇಕು.

ಆದ್ದರಿಂದ ಟಿಕೆಟ್ ರದ್ದು ಮಾಡಿ, ಮಾತ್ರೆ ಮುಂದುವರಿಸಿ. ಅದು ನಾಟುತ್ತಿಲ್ಲವಾದರೆ ಮನೋವೈದ್ಯರೆದುರು ಕೂತು, ಪೆರುವಿನ ಆಸೆಯನ್ನೂ ಮುಚ್ಚಿಡದೆ ಹೇಳಿ, ಔಷಧ ಬದಲಿಸಲು ಕೇಳಿ.